ಪುಕ್ಕಟೆ ಆಟದ ಬೀಗದ ಕೈ

ಠಾಕುರ್ಲಿಯಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಹಾಗಾಗಿ ನಾನು ಆಫೀಸಿನಿಂದ ಮನೆ ಸೇರುವ ಹೊತ್ತಿಗೆ ಮಗನ ಊಟ ಮುಗಿದಿರುತ್ತದೆ. 2024ರ ಏಪ್ರಿಲ್‌ನ ಒಂದು ರಾತ್ರಿ ಅವನು ಹಳೆಯ ಡೆಸ್ಕ್‌ಟಾಪ್ ಮುಂದೆ ಸುಮ್ಮನೆ ಕೂತಿದ್ದ. ಹತ್ತನೆಯ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಎಂಟು ವರ್ಷದವನಿದ್ದಾಗ ಆಡುತ್ತಿದ್ದ 'ದ ಕ್ರೂ' ಎಂಬ ಕಾರ್ ಆಟವನ್ನು ರಜೆಯಲ್ಲಿ ಮತ್ತೆ ಆಡಬೇಕೆಂದುಕೊಂಡಿದ್ದ. ಆಟ ತೆರೆಯಲಿಲ್ಲ.

"ನಾವೇನು ದುಡ್ಡು ಕೊಟ್ಟಿದ್ದೆವಾ? ಪುಕ್ಕಟೆ ಬಂದದ್ದು, ಹೋಯಿತು ಬಿಡು" ಎಂದೆ.

"ದುಡ್ಡು ಕೊಟ್ಟವರದ್ದೂ ಹೋಗಿದೆ ಪಪ್ಪಾ" ಎಂದ.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಹುಡುಕಲು ಹೋಗಿ ನಾನು ಓದಿಕೊಂಡ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ 2016ರಲ್ಲಿ ತನ್ನ ಮೂವತ್ತನೆಯ ವರ್ಷಾಚರಣೆಗೆಂದು ಜೂನ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಆಟವನ್ನು ಉಚಿತವಾಗಿ ಹಂಚಿತು. ಸೆಪ್ಟೆಂಬರ್‌ನ ಪಾಲು 'ದ ಕ್ರೂ'. ಇಡೀ ಅಮೆರಿಕವನ್ನು ಚಿಕ್ಕದಾಗಿಸಿ ಮಾಡಿದ ನಕ್ಷೆಯಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ವರೆಗೆ ಗಾಡಿ ಓಡಿಸಬಹುದಿತ್ತು. ಕಲ್ಯಾಣ್-ಶಿಳ್ ರಸ್ತೆಯ ಟ್ರಾಫಿಕ್ಕಿನಾಚೆಗೆ ರಸ್ತೆಯನ್ನೇ ಕಾಣದ ನನ್ನ ಮಗನಿಗೆ ಅದು ಸ್ವರ್ಗ. ಆದರೆ ಒಬ್ಬನೇ ಆಡಿದರೂ ಆ ಆಟಕ್ಕೆ ಕಂಪನಿಯ ಸರ್ವರ್ ಸಂಪರ್ಕ ಬೇಕೇ ಬೇಕಿತ್ತು. 2023ರ ಡಿಸೆಂಬರ್‌ನಲ್ಲಿ ಅದರ ಮಾರಾಟ ನಿಂತಿತು. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿತು. ಉಚಿತವಾಗಿ ಪಡೆದವರು, ಪೂರ್ತಿ ಬೆಲೆ ತೆತ್ತವರು, ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟವರು, ಎಲ್ಲರೂ ಒಂದೇ ದಿನ ಬರಿಗೈಯಾದರು.

ಅದೇ ವರ್ಷಾಚರಣೆಯಲ್ಲಿ ಜೂನ್ ತಿಂಗಳ ಉಚಿತ ಆಟ 'ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್'. ನನ್ನ ವಯಸ್ಸಿನವರಿಗೆ ಆ ಹೆಸರು ಕೇಳಿದರೆ ಅದರ ಅಜ್ಜನ ನೆನಪಾಗುತ್ತದೆ: ಜೋರ್ಡನ್ ಮೆಕ್ನರ್ 1989ರಲ್ಲಿ ಮಾಡಿದ ಮೂಲ 'ಪ್ರಿನ್ಸ್'. ತೊಂಬತ್ತರ ದಶಕದಲ್ಲಿ ಧಾರವಾಡದ ಕಂಪ್ಯೂಟರ್ ಕ್ಲಾಸಿನಲ್ಲಿ ಅದನ್ನು ಫ್ಲಾಪಿಯಿಂದ ಆಡುತ್ತಿದ್ದೆವು. ಮೊದಲ ಹಂತ ದಾಟಿದೊಡನೆ ಒಂದು ಕೋಣೆ, ತುಂಬ ಅಕ್ಷರ ಬರೆದ ಔಷಧಿ ಶೀಶೆಗಳು. ಕೈಪಿಡಿಯ ಇಂತಿಷ್ಟನೇ ಪುಟ, ಇಂತಿಷ್ಟನೇ ಸಾಲು, ಇಂತಿಷ್ಟನೇ ಪದದ ಮೊದಲ ಅಕ್ಷರ ಯಾವುದೋ ಆ ಶೀಶೆಯನ್ನೇ ಕುಡಿಯಬೇಕು. ತಪ್ಪಿದರೆ ಪ್ರಾಣಕ್ಕೆ ಕುತ್ತು. ಕೈಪಿಡಿ ಇದ್ದವನೇ ಕೊಂಡವನು ಎಂಬುದು ಲೆಕ್ಕ. ನಮ್ಮ ಬಳಿ ಕೈಪಿಡಿ ಇರಲಿಲ್ಲ, ಉತ್ತರಗಳ ಜೆರಾಕ್ಸ್ ಹಾಳೆಯಿತ್ತು. ಅಂದರೆ ಆ ಬೀಗ ತಡೆಯಬೇಕೆಂದಿದ್ದ ಕಳ್ಳರು ನಾವೇ. ಒಪ್ಪಿಕೊಳ್ಳದೆ ಮುಂದೆ ಬರೆಯುವುದು ಸರಿಯಲ್ಲ.

ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಅಂದರೆ ಡಿಆರ್‌ಎಂ, ಆ ಶೀಶೆಯ ಮೊಮ್ಮಗ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಕೈಪಿಡಿ ಕೊಂಡವನ ಮನೆಯಲ್ಲೇ ಇರುತ್ತಿತ್ತು; ಕಂಪನಿ ಮುಚ್ಚಿದರೂ ಅದನ್ನು ತೆರೆದು ನೋಡಬಹುದಿತ್ತು. ಈಗ ಪ್ರಶ್ನೆ ಕೇಳುವುದು ದೂರದ ಒಂದು ಸರ್ವರ್. 2004ರಲ್ಲಿ 'ಹಾಫ್-ಲೈಫ್ 2' ಅಂಗಡಿಯಲ್ಲಿ ಡಿಸ್ಕ್ ಆಗಿ ಮಾರಾಟವಾದರೂ ಸ್ಟೀಮ್ ಖಾತೆಯಿಲ್ಲದೆ ತೆರೆಯುತ್ತಿರಲಿಲ್ಲ. 2008ರಲ್ಲಿ 'ಸ್ಪೋರ್' ಆಟವನ್ನು ಮೂರೇ ಸಲ ಆ್ಯಕ್ಟಿವೇಟ್ ಮಾಡಬಹುದು ಎಂದಾಗ ಜನ ಅಮೆಜಾನ್‌ನಲ್ಲಿ ಒಂದೊಂದೇ ನಕ್ಷತ್ರ ಕೊಟ್ಟು ರೇಟಿಂಗ್ ನೆಲಕಚ್ಚಿಸಿದರು; ಕಂಪನಿ ಮೂರನ್ನು ಐದು ಮಾಡಿತು. ಆ ವರ್ಷ ಟೊರೆಂಟ್‌ಗಳಲ್ಲಿ ಅತಿ ಹೆಚ್ಚು ಕಳುವಾದ ಆಟಗಳ ಪಟ್ಟಿಯಲ್ಲಿ 'ಸ್ಪೋರ್' ಮೇಲಿತ್ತು. ಬೀಗ ಕಳ್ಳನನ್ನು ತಡೆಯಲಿಲ್ಲ, ಮನೆಯವರನ್ನು ಹೊರಗೆ ನಿಲ್ಲಿಸಿತು.

2013ರ ಮಾರ್ಚ್‌ನಲ್ಲಿ 'ಸಿಮ್‌ಸಿಟಿ' ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಒಬ್ಬನೇ ಕೂತು ಊರು ಕಟ್ಟುವ ಆಟಕ್ಕೂ ಸದಾ ಇಂಟರ್ನೆಟ್ ಬೇಕೆಂದು ಇಎ ಕಂಪನಿ ಷರತ್ತು ಹಾಕಿತ್ತು. ಬಿಡುಗಡೆಯಾದ ದಿನವೇ ಸರ್ವರ್‌ಗಳು ಕೈಕೊಟ್ಟವು. ದುಡ್ಡು ಕೊಟ್ಟವರು ದಿನಗಟ್ಟಲೆ ಕ್ಯೂ ನಿಂತರು. ಸಮಾಧಾನಕ್ಕೆ ಕಂಪನಿ ಕೊಟ್ಟದ್ದೇನು? ಇನ್ನೊಂದು ಉಚಿತ ಆಟ! ಇಂಟರ್ನೆಟ್ ಇಲ್ಲದೆಯೂ ಆಡುವ ವ್ಯವಸ್ಥೆ ಸುಮಾರು ಒಂದು ವರ್ಷದ ನಂತರ, 2014ರ ಮಾರ್ಚ್‌ನಲ್ಲಿ ಬಂತು. ಉಚಿತ ಆಟ ಮತ್ತು ಬೀಗ, ಈ ಎರಡರ ಕಥೆ ಬೇರೆ ಬೇರೆಯಲ್ಲ ಎಂದು ನನಗೆ ಹೊಳೆದದ್ದು ಇಲ್ಲಿ.

ಉಚಿತ ಹಂಚಿಕೆಯನ್ನು ವ್ಯಾಪಾರದ ಮುಖ್ಯ ಅಸ್ತ್ರ ಮಾಡಿಕೊಂಡದ್ದು ಎಪಿಕ್ ಗೇಮ್ಸ್. 2018ರ ಡಿಸೆಂಬರ್‌ನಲ್ಲಿ ಅಂಗಡಿ ತೆರೆದೊಡನೆ 'ಸಬ್‌ನಾಟಿಕಾ' ಹಂಚಿತು. ಆಮೇಲೆ ನಿಲ್ಲಿಸಲೇ ಇಲ್ಲ. 2020ರ ಮೇ ತಿಂಗಳ ಲಾಕ್‌ಡೌನ್ ನೆನಪಿದೆಯಲ್ಲ? ಲೋಕಲ್ ನಿಂತು, ಹಳಿಗಳು ಮೌನವಾಗಿದ್ದ ಆ ದಿನಗಳಲ್ಲಿ 'ಜಿಟಿಎ 5' ಉಚಿತ ಎಂದಾಗ ಎಪಿಕ್‌ನ ಅಂಗಡಿಯೇ ಕೆಲ ಗಂಟೆ ಕುಸಿದಿತ್ತು. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ತರಕಾರಿ ಗಾಡಿಯ ಸುದ್ದಿಯ ನಡುವೆ ಈ ಸುದ್ದಿಯೂ ಓಡಾಡಿತು.

ಎಪಿಕ್ ಯಾಕೆ ಕೊಡುತ್ತದೆ? 2021ರಲ್ಲಿ ಆ್ಯಪಲ್ ವಿರುದ್ಧದ ಮೊಕದ್ದಮೆಯಲ್ಲಿ ಹೊರಬಂದ ದಾಖಲೆ ಉತ್ತರ ಹೇಳಿತು. ಮೊದಲ ಒಂಬತ್ತು ತಿಂಗಳ ಉಚಿತ ಆಟಗಳಿಗೆ ಎಪಿಕ್ ಸುಮಾರು 1.16 ಕೋಟಿ ಡಾಲರ್ ಕೊಟ್ಟಿತ್ತು. ಬದಲಿಗೆ ಸಿಕ್ಕ ಹೊಸ ಖಾತೆಗಳು ಸುಮಾರು 50 ಲಕ್ಷ. ತಲೆಗೆ ಎರಡೂಕಾಲು ಡಾಲರ್ ಚಿಲ್ಲರೆ. ಅಲ್ಲಿ ಕೊಳ್ಳುವವರು ನಾವಲ್ಲ, ಕೊಂಡುಕೊಂಡದ್ದು ನಮ್ಮನ್ನು. ಇದರಲ್ಲಿ ಮೋಸವಿದೆ ಎನ್ನುತ್ತಿಲ್ಲ. ಆಟ ಮಾಡಿದವರಿಗೆ ದುಡ್ಡು ಸಿಕ್ಕಿತು, ನಮಗೆ ಆಟ ಸಿಕ್ಕಿತು. ಎಪಿಕ್‌ನಲ್ಲಿ ಡಿಆರ್‌ಎಂ ಹಾಕುವುದೂ ಬಿಡುವುದೂ ಆಟ ಮಾಡಿದವರ ಆಯ್ಕೆ. ಆದರೆ ವಾರಕ್ಕೊಮ್ಮೆ ಒಂದು ಬಟನ್ ಒತ್ತಿ 'ಲೈಬ್ರರಿ'ಗೆ ಸೇರಿಸಿಕೊಳ್ಳುವ ಅಭ್ಯಾಸ ನಮಗೊಂದು ಪಾಠ ಕಲಿಸಿತು: ಖಾತೆಯಲ್ಲಿ ಹೆಸರು ಕಂಡರೆ ಸಾಕು, ವಸ್ತು ನಮ್ಮದು.

ನಿಜಕ್ಕೂ ನಮ್ಮದೇ? ನಮ್ಮ ಕಡೆಯ ಒಂದು ಹೋಲಿಕೆ ಕೊಡುತ್ತೇನೆ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣದಲ್ಲಿ ಎಲ್ಲರೂ 'ಓನರ್‌ಶಿಪ್ ಫ್ಲಾಟ್' ಎನ್ನುತ್ತೇವೆ. 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲಾಟ್ಸ್ ಕಾಯ್ದೆ ಪ್ರಕಾರ ಬಿಲ್ಡರ್ ಜಮೀನಿನ ಹಕ್ಕನ್ನು ಸೊಸೈಟಿಗೆ ಬರೆದುಕೊಡಬೇಕು. ಇದೇ ಕನ್ವೆಯನ್ಸ್. ಎಷ್ಟೋ ಬಿಲ್ಡರ್‌ಗಳು ಕೊಡಲೇ ಇಲ್ಲ. ಸಾಲ ತೀರಿಸಿ, ಮನೆಗೆ ಹೆಸರಿಟ್ಟು, ಮೂವತ್ತು ವರ್ಷ ಬಾಳಿದ ಮೇಲೆ ಕಟ್ಟಡ ಕೆಡವಿ ಕಟ್ಟುವ ಮಾತು ಬಂದಾಗ ಕಾಲಡಿಯ ನೆಲ ಇನ್ನೂ ಬಿಲ್ಡರನ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಅದಕ್ಕೇ 2008ರಲ್ಲಿ ಡೀಮ್ಡ್ ಕನ್ವೆಯನ್ಸ್ ತಿದ್ದುಪಡಿ ಬಂತು; ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿ ಹಕ್ಕು ಪಡೆಯಬಹುದು. ಆಟ ಕೊಂಡವನ ಸ್ಥಿತಿ 2008ಕ್ಕಿಂತ ಹಿಂದಿನ ಫ್ಲಾಟಿನವನದ್ದು. ಚಾವಿ ಕೈಯಲ್ಲಿದೆ, ನೆಲ ಬೇರೆಯವರದ್ದು.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಕದ್ದ ಪ್ರತಿಗಳೇ ತುಂಬಿದ್ದ ಪೋಲೆಂಡಿನಲ್ಲಿ 1994ರಲ್ಲಿ ಸಿಡಿ ಪ್ರಾಜೆಕ್ಟ್ ಎಂಬ ಕಂಪನಿ ಹುಟ್ಟಿತು. ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತ್ ಕಂಡ ನಮಗೆ ಆ ಪರಿಸ್ಥಿತಿ ಊಹಿಸುವುದು ಕಷ್ಟವಲ್ಲ. 1999ರಲ್ಲಿ ಅವರು 'ಬಾಲ್ಡರ್ಸ್ ಗೇಟ್' ಆಟವನ್ನು ಪೋಲಿಷ್ ಭಾಷೆಗೆ ತಂದರು. ಬೀಗ ಬಿಗಿ ಮಾಡುವ ಬದಲು ಪೆಟ್ಟಿಗೆಯಲ್ಲಿ ನಕ್ಷೆ, ಪುಸ್ತಕ, ಸಂಗೀತದ ಸಿಡಿ ಇಟ್ಟರು. ಕದ್ದ ಪ್ರತಿ ಕೊಡಲಾಗದ್ದನ್ನು ಕೊಟ್ಟರೆ ಜನ ಕೊಳ್ಳುತ್ತಾರೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ. 2008ರಲ್ಲಿ ಅವರೇ ತೆರೆದ ಗಾಗ್ ಅಂಗಡಿ ಡಿಆರ್‌ಎಂ ಇಲ್ಲದ ಆಟಗಳನ್ನು ಮಾರುತ್ತದೆ. 2013ರ ಡಿಸೆಂಬರ್‌ನಲ್ಲಿ ಅದು ಹಳೆಯ 'ಫಾಲ್‌ಔಟ್' ಆಟಗಳನ್ನು ಉಚಿತವಾಗಿ ಹಂಚಿತು. ಅವತ್ತು ನಾನು ಇಳಿಸಿಕೊಂಡ ಫೈಲುಗಳು ಇವತ್ತಿಗೂ ನನ್ನ ಹಾರ್ಡ್‌ಡಿಸ್ಕಿನಲ್ಲಿವೆ, ಇವತ್ತಿಗೂ ನಡೆಯುತ್ತವೆ. ಎರಡೂ ಪುಕ್ಕಟೆ ಆಟಗಳೇ. ಒಂದು ಉಳಿಯಿತು, ಒಂದು ಹೋಯಿತು. ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಕಾನೂನು ನಿಧಾನಕ್ಕೆ ಎಚ್ಚರಗೊಳ್ಳುತ್ತಿದೆ. ಕ್ಯಾಲಿಫೋರ್ನಿಯಾದ 2024ರ ಕಾಯ್ದೆಯ ಪ್ರಕಾರ, ಮುಂದೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ವಸ್ತುವಿಗೆ 'ಕೊಳ್ಳಿ' ಎಂಬ ಪದ ಬಳಸಬೇಕಿದ್ದರೆ, ಇದು ಬರೀ ಲೈಸೆನ್ಸ್ ಎಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಉಚಿತ ವಸ್ತುಗಳನ್ನು ಆ ಕಾಯ್ದೆ ಹೊರಗಿಟ್ಟಿದೆ. 'ದ ಕ್ರೂ' ಮುಚ್ಚಿದ ಸಿಟ್ಟಿನಲ್ಲಿ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಯುರೋಪಿನ ಮನವಿ 2025ರಲ್ಲಿ ಹತ್ತು ಲಕ್ಷ ಸಹಿ ದಾಟಿತು. ನಮ್ಮಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಬೀಗ ಹಾಕಿದವನು ಬಾಗಿಲನ್ನೇ ಕಿತ್ತುಕೊಂಡು ಹೋದರೆ ಏನು ಎಂಬ ಪ್ರಶ್ನೆಯನ್ನು ಆ ಕಲಂ ಕೇಳುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಆರೇಳು ವರ್ಷಗಳ ಹಿಂದೆ ನಾನೇ ಒಂದು ಆ್ಯಕ್ಟಿವೇಷನ್ ಸರ್ವರ್ ಮುಚ್ಚಿಸಿದ್ದೇನೆ. ಕ್ಲೈಂಟ್ ಒಬ್ಬರ ಹಳೆಯ ಡ್ರಾಯಿಂಗ್ ಸಾಫ್ಟ್‌ವೇರ್, 'ಶಾಶ್ವತ ಲೈಸೆನ್ಸ್' ಎಂದು ಮಾರಿದ್ದು. ಪ್ರಾಜೆಕ್ಟ್ ಪ್ಲಾನಿನಲ್ಲಿ ಬಳಕೆದಾರರ ಮೇಲಿನ ಪರಿಣಾಮ ಎಂಬ ಕಾಲಂನಲ್ಲಿ 'ಕಡಿಮೆ' ಎಂದು ಬರೆದವನು ನಾನು. ಮೂರು ತಿಂಗಳಿಗೆ ಒಂದು ಸಣ್ಣ ವರ್ಕ್‌ಶಾಪಿನವರ ಮೇಲ್ ಬಂತು: ಹಾರ್ಡ್‌ಡಿಸ್ಕ್ ಬದಲಾಯಿಸಿದ್ದೇವೆ, ಸಾಫ್ಟ್‌ವೇರ್ ತೆರೆಯುತ್ತಿಲ್ಲ, ಹತ್ತು ವರ್ಷದ ಡ್ರಾಯಿಂಗ್‌ಗಳು ಒಳಗಿವೆ. ಹೊಸ ಆವೃತ್ತಿಯ ಕೊಟೇಶನ್ ಕಳುಹಿಸಿ ಟಿಕೆಟ್ ಮುಚ್ಚಿದೆವು. ಕೊನೆಯದಾಗಿ ಬೀಗ ತೆಗೆಯುವ ಒಂದು ಸಣ್ಣ ಪ್ಯಾಚ್ ಬರೆಯಲು ಒಬ್ಬ ಹುಡುಗನಿಗೆ ಒಂದು ವಾರ ಸಾಕಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ರಾತ್ರಿ ಮಗನ ಮುಂದೆ ನೆನಪಾದದ್ದು ಆ ಟಿಕೆಟ್. ಈಗ ಯಾವುದೇ ಹಳೆಯ ವ್ಯವಸ್ಥೆ ಮುಚ್ಚುವ ಪ್ಲಾನಿಗೆ ನಾನೊಂದು ಸಾಲು ಸೇರಿಸುತ್ತೇನೆ: 'ಬೀಗದ ಕೈ ಬಳಕೆದಾರರಿಗೆ ಕೊಟ್ಟಾಯಿತೇ?' ಮೂರು ಸಲ ಸೇರಿಸಿದ್ದೇನೆ. ಎರಡು ಸಲ ಖರ್ಚು ಜಾಸ್ತಿ ಎಂದು ತೆಗೆದರು. ಒಂದು ಸಲ ಉಳಿಯಿತು.

ಮಗ ಈಗ ವಾರದ ಉಚಿತ ಆಟ ಪಡೆಯುವಾಗ ಮೊದಲು ಇಂಟರ್ನೆಟ್ ಕಿತ್ತು ನೋಡುತ್ತಾನೆ. ತೆರೆದರೆ ಹಾರ್ಡ್‌ಡಿಸ್ಕಿನ ಒಂದು ಫೋಲ್ಡರಿಗೆ, ತೆರೆಯದಿದ್ದರೆ ಇನ್ನೊಂದಕ್ಕೆ. ಮೊದಲನೆಯದರ ಹೆಸರು 'ನಮ್ಮದು'. ಎರಡನೆಯದರ ಹೆಸರು 'ಬಾಡಿಗೆ'. ಎರಡನೆಯದೇ ಬೇಗ ಬೆಳೆಯುತ್ತಿದೆ.