ಮಹಾವೀರಾಚಾರ್ಯನ ಕಂಠಾಭರಣ ಸಂಖ್ಯೆಗಳು

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಜೈನಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ೧೯೧೨ರಲ್ಲಿ ಎಂ. ರಂಗಾಚಾರ್ಯರಿಂದ ಪರಿಷ್ಕೃತವಾಗಿ, ಇಂಗ್ಲಿಷ್ ಭಾಷಾಂತರದೊಡನೆ ಮದ್ರಾಸಿನಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ಒಂದು ಸಂಖ್ಯೆಯು ತನ್ನ ಆಕಾರದಿಂದಲೇ ನಿರ್ದಿಷ್ಟವಾಗಿದೆ: ಒಂದು ಮೊದಲಾಗಿ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯತಕ್ಕದ್ದು. ಅದು ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕಾವ್ಯಾಭ್ಯಾಸಿಗಳಿಗೆ ಇದನ್ನು ಕಂಡೊಡನೆ ಗತಪ್ರತ್ಯಾಗತವು ನೆನಪಾಗುವುದು ಸಹಜವೇ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ದುಷ್ಕರಬಂಧಗಳನ್ನು ವಿವರಿಸಿದ್ದಾನೆ. ಅವನ ಜಾಡಿನಲ್ಲಿ ನಡೆದ ಕವಿರಾಜಮಾರ್ಗವು ಹುಟ್ಟಿದುದೂ ಇದೇ ನೃಪತುಂಗನ ಆಸ್ಥಾನದಲ್ಲಿ. ಆದುದರಿಂದ ಇದನ್ನು ಬರಿಯ ಚಿತ್ರಚಮತ್ಕಾರವೆಂದು ಬದಿಗಿಡುವುದು ಸುಲಭ, ಆದರೆ ಯುಕ್ತವಲ್ಲ.

ಈ ಸಂಖ್ಯೆಯು ೧೧೧೧೧೧ರ ವರ್ಗ. ಗುಣಿಸುವಾಗ ಆರು ಪಂಕ್ತಿಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ; ಅವುಗಳನ್ನು ಸ್ಥಾನಸ್ಥಾನವಾಗಿ ಕೂಡಿದರೆ ಒಂದು, ಎರಡು, ಮೂರು ಎಂದು ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವು ಎಡಕ್ಕೆ ಸಾಗುವುದಿಲ್ಲ, ಸೌಷ್ಠವವೂ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ನಿಯಮವು ನಿಲ್ಲುವುದು. ಹತ್ತು ಒಂದುಗಳ ವರ್ಗವಾದರೋ ೧೨೩೪೫೬೭೯೦೦೯೮೭೬೫೪೩೨೧. ಅಲ್ಲಿ ಮಾಲೆಯು ಹರಿದುಹೋಯಿತು. ಕವಿಯು ಅಕ್ಷರಗಳನ್ನು ತನ್ನಿಚ್ಛೆಯಂತೆ ಹೊಂದಿಸಬಲ್ಲನು. ಗಣಕನಿಗೆ ಆ ಸ್ವಾತಂತ್ರ್ಯವಿಲ್ಲ.

ಇದಕ್ಕಿಂತ ಬಲವಾದ ಪ್ರಮಾಣವು ಪ್ರತ್ಯುತ್ಪನ್ನದ, ಎಂದರೆ ಗುಣಾಕಾರದ, ಉದಾಹರಣೆಗಳಲ್ಲಿದೆ. ಅಲ್ಲಿಯ ಕೆಲವು ಗುಣಲಬ್ಧಗಳನ್ನು ಆಚಾರ್ಯನು ಕಂಠಾಭರಣಗಳೆಂದು ಕರೆಯುತ್ತಾನೆ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುತ್ತವೆ. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧: ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ. ಇವು ಬಲ್ಲವರಿಗೆ ಸುಲಭ. ಆದರೆ ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಆಗುವುದೆಂಬುದು ಹೇಗೆ ಹೊಳೆಯಿತು? ೭೩ರಲ್ಲಿ ಹೊರನೋಟಕ್ಕೆ ಯಾವ ಸೊಬಗೂ ಇಲ್ಲ. ಎಂಟು ಒಂದುಗಳ ಸಂಖ್ಯೆಯು ೧೧, ೭೩, ೧೦೧, ೧೩೭ ಎಂಬ ನಾಲ್ಕು ಅವಿಭಾಜ್ಯಗಳ ಗುಣಲಬ್ಧ. ೭೩ನ್ನು ಬಿಟ್ಟು ಉಳಿದ ಮೂರನ್ನು ಗುಣಿಸಿದರೆ ೧೫೨೨೦೭. ಮೊದಲು ಮಾಲೆಯನ್ನು ಇಟ್ಟುಕೊಂಡು, ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳನ್ನು ಯಾರೋ ಹುಡುಕಿರಲೇಬೇಕು. ಅದು ಗಣಿತಶೋಧವೇ ಹೊರತು ಶಬ್ದಕ್ರೀಡೆಯಲ್ಲ.

ಇಂಥ ಹುಡುಕಾಟವನ್ನು ಲೋಕವ್ಯವಹಾರವು ಕೇಳಿರಲಿಲ್ಲ. ಮಂಡ್ಯ ಜಿಲ್ಲೆಯಲ್ಲಿ ನಿಡಘಟ್ಟವಿರುವ ಮದ್ದೂರು ತಾಲ್ಲೂಕಿಗೇ ಸೇರಿದ ಆತಕೂರಿನ ಶಾಸನವು (ಶಕ ೮೭೨) ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಕೊಟ್ಟುದನ್ನು ಹೇಳುತ್ತದೆ. ಎಲ್ಲವನ್ನೂ ಕೂಡಿದರೂ ೧೨೭೪೦. ಐದು ಸ್ಥಾನಗಳು ಸಾಕು. ಮಹಾವೀರನಾದರೋ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದಾನೆ. ಕೊನೆಯದು ಒಂದರ ಮುಂದೆ ೨೩ ಸೊನ್ನೆ. ಸಂಖ್ಯಾತ, ಅಸಂಖ್ಯಾತ, ಅನಂತವೆಂದು ರಾಶಿಗಳನ್ನು ವಿಂಗಡಿಸಿದ ಜೈನಾಗಮಗಳ ಪರಿಚಯವಿದ್ದವನಿಗೆ ಅಷ್ಟು ದೂರ ಎಣಿಸುವುದು ವಿಲಕ್ಷಣವಾಗಿ ತೋರಿರಲಾರದು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತವನ್ನು ಬರೆದ ರಾಜಾದಿತ್ಯನು ತನ್ನ ಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು.