ಕಣದ ಕಾಳು, ಕಾಲೇಜಿನ ಫೀಸು

ಇರೋ ಕೆಲಸ ಬಿಡಬೇಕೋ ಬೇಡವೋ? ಬಿಟ್ಟರೆ ಮಕ್ಕಳ ಕಾಲೇಜಿಗೆ ದುಡ್ಡು ಎಲ್ಲಿಂದ ತರೋದು? ಈ ಪ್ರಶ್ನೆ ಇವತ್ತು ಬಹಳ ಮನೆಗಳಲ್ಲಿದೆ. ಆದರೆ ಇದನ್ನು ಕೇಳಿಕೊಳ್ಳುವ ಹಕ್ಕು ಈ ದೇಶದಲ್ಲಿ ಎಲ್ಲರಿಗೂ ಒಂದೇ ಕಾಲಕ್ಕೆ ಬರಲಿಲ್ಲ. ಶಾನುಭೋಗರ ಮಗ ಲೆಕ್ಕದ ಕಡತ ಕಟ್ಟಿಟ್ಟು ಪಟ್ಟಣ ಸೇರಿ ವಕೀಲನಾಗಬಹುದಿತ್ತು. ಕುಳವಾಡಿಯ ಮಗನಿಗೆ ಅಪ್ಪನ ಕೋಲೇ ಗತಿ. ಅವನಿಗೆ ಕೆಲಸ ಅನ್ನೋದು ಹುಟ್ಟಿನ ಜೊತೆಗೇ ಅಂಟಿಕೊಂಡು ಬಂದದ್ದು. ಆ ಅಂಟು ಬಿಡಿಸಿಕೊಳ್ಳಲು ನಮ್ಮ ಹಿರಿಯರು ಹಾಕಿದ ಲೆಕ್ಕವನ್ನು ನಾವು ಇಲ್ಲಿ ತೆಗೆದು ನೋಡುತ್ತಿದ್ದೇವೆ.

ಮೊದಲು ಆ ಚಾಕರಿ ಎಂಥದ್ದು ಅಂತ ತಿಳಿಯಬೇಕು. ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ 1874ರ ವತನದ ಕಾಯಿದೆ ನಡೆಯುತ್ತಿತ್ತು. ಹಳೇ ಮೈಸೂರಿನ ಕಡೆ ತೋಟಿ, ತಳವಾರ, ನೀರಗಂಟಿ ಎಂಬ ಹೆಸರುಗಳು. ಹೆಸರು ಬೇರೆಯಾದರೂ ಪಾಡು ಒಂದೇ. ಸಾವಿನ ಸುದ್ದಿ ಊರೂರಿಗೆ ಒಯ್ಯಬೇಕು, ಸತ್ತ ದನ ಎಳೀಬೇಕು, ಅಧಿಕಾರಿ ಬಂದರೆ ಅವನ ಗಂಟು ಹೊರಬೇಕು. ಹಗಲು ರಾತ್ರಿ ಅನ್ನುವಂತಿಲ್ಲ. ಇದಕ್ಕೆ ಪ್ರತಿಫಲ ಒಂದು ತುಂಡು ಇನಾಂ ಭೂಮಿ, ಸುಗ್ಗಿಯಲ್ಲಿ ಕಣದಲ್ಲಿ ಎತ್ತಿ ಹಾಕುವ ಆಯದ ಕಾಳು.

ಈ ಕಾಳಿನಲ್ಲೇ ಇದೆ ಗುಟ್ಟು. ಕಾಳು ತಿಂದು ಮುಗಿಯೋದು, ಕೂಡಿಡೋದಲ್ಲ. ಸ್ಕೂಲು ಕೇಳೋದು ನಾಣ್ಯವನ್ನು. ಕಣದ ಕಾಳು ಹೊಟ್ಟೆ ಅರ್ಧ ತುಂಬಿಸುತ್ತಿತ್ತು, ಹಾಗಾಗಿ ಬಿಡೋಕೆ ಭಯ; ಕೈಗೆ ಕಾಸು ಕೊಡುತ್ತಿರಲಿಲ್ಲ, ಹಾಗಾಗಿ ಓದಿಸೋಕೆ ಆಗದು. ಸಾಲದ್ದಕ್ಕೆ ಆ ಚಾಕರಿ ಒಬ್ಬನದಲ್ಲ, ಮನೆಯವರೆಲ್ಲರದು. ಅಪ್ಪ ಊರಲ್ಲಿಲ್ಲದಿದ್ದರೆ ಮಗ ಹೋಗಬೇಕು. ಪುಸ್ತಕ ಹಿಡಿದು ಕೂತ ಹುಡುಗನನ್ನೂ ಚಾವಡಿಯಿಂದ ಕೂಗಿದರೆ ಎದ್ದು ಹೋಗಬೇಕು. ಆದ್ದರಿಂದ ಕಸುಬು ಬಿಡೋದು, ಮಕ್ಕಳನ್ನು ಓದಿಸೋದು ನಮ್ಮವರಿಗೆ ಎರಡು ಪ್ರಶ್ನೆಗಳಾಗಿರಲಿಲ್ಲ. ಒಂದನ್ನು ಬಿಡಿಸದೆ ಇನ್ನೊಂದು ಬಿಡುತ್ತಿರಲಿಲ್ಲ.

ಈ ಗಂಟನ್ನು ಮೊದಲು ಸಡಿಲಿಸಿದ್ದು ಸೈನ್ಯ. ರಾಮ್‌ಜಿ ಸಕ್ಪಾಲರು ಊರ ಚಾಕರಿಯ ಹೊರಗೆ ಬಂದದ್ದು ಆ ದಾರಿಯಲ್ಲಿ. ಸುಬೇದಾರರಾದರು, ಸೈನ್ಯದ ಶಾಲೆಯಲ್ಲಿ 14 ವರ್ಷ ಮುಖ್ಯೋಪಾಧ್ಯಾಯರಾಗಿದ್ದರು. 1890ರ ದಶಕದ ಮೊದಲಲ್ಲಿ ಸರ್ಕಾರ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಅಂದರೆ ಅಪ್ಪ ಹತ್ತಿದ ಏಣಿಯನ್ನು ಮಕ್ಕಳು ಹತ್ತುವ ಮೊದಲೇ ಎಳೆದುಕೊಂಡರು. ಉಳಿದದ್ದು ಓದು ಒಂದೇ.

ನಿವೃತ್ತಿಯಾದ ರಾಮ್‌ಜಿಯವರ ಪಿಂಚಣಿ ತಿಂಗಳಿಗೆ 50 ರೂಪಾಯಿ. ಊರಿಗೆ ಹಿಂದಿರುಗಿ ಅದರಲ್ಲೇ ಕಾಲ ಹಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಸಾತಾರಾದಲ್ಲಿ ಕೆಲಸ ಹಿಡಿದರು. ಬರಗಾಲದ ಕಾಮಗಾರಿ ನಡೆಯುತ್ತಿದ್ದ ಗೋರೆಗಾಂವ್‌ನಲ್ಲಿ ಖಜಾಂಚಿಯಾದರು. ಕೊನೆಗೆ ಮಗನ ಓದಿಗಾಗಿ ಸಂಸಾರವನ್ನೇ ಮುಂಬಯಿಗೆ ತಂದು ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಇಳಿಸಿದರು. ಹುಡುಗ ಓದಲು ಆ ಕೋಣೆಯಲ್ಲಿ ಜಾಗವಿಲ್ಲ. ಸಂಜೆ ಮಗ ಬೇಗ ಮಲಗೋದು, ಅಪ್ಪ ಎಚ್ಚರವಿರೋದು. ರಾತ್ರಿ ಎರಡಕ್ಕೆ ಮಗನನ್ನು ಎಬ್ಬಿಸಿ ಅಪ್ಪ ಮಲಗೋದು. ಪುಸ್ತಕಕ್ಕೆ ದುಡ್ಡಿಲ್ಲದಾಗ ರಾಮ್‌ಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ನಡೆದು ಹೋಗಿ ಒಡವೆ ಇಸಿದುಕೊಂಡು ಗಿರವಿ ಇಡುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದರು.

ಈ ಕತೆಯನ್ನು ಅಪ್ಪನ ತ್ಯಾಗವೆಂದು ಮಾತ್ರ ಹೇಳಿ ಬಿಡುವುದುಂಟು. ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕು. ಇಬ್ಬರು ಗಂಡುಮಕ್ಕಳನ್ನು ಓದಿಸುವ ಶಕ್ತಿ ಆ ಮನೆಗಿರಲಿಲ್ಲ. ಅಣ್ಣ ಆನಂದರಾವ್ ಓದು ಬಿಟ್ಟು ದುಡಿಮೆಗೆ ಹೋಗಬೇಕಾಯಿತು. ಒಡವೆ ಕೊಟ್ಟ ಅಕ್ಕಂದಿರಾದ ಮಂಜುಳಾ, ತುಳಸಿಯರ ಹೆಸರಿನ ಮುಂದೆ ಯಾವ ಪದವಿಯೂ ಇಲ್ಲ. ಇಂಥ ಉಳಿತಾಯದಲ್ಲಿ ಮನೆಯೊಂದು ಒಬ್ಬನನ್ನು ಓದಿಸಬಲ್ಲದು. ಉಳಿದವರು ಅವನ ಫೀಸಾಗುತ್ತಾರೆ.

ಅಷ್ಟು ಮಾಡಿದರೂ ಆ ದುಡ್ಡು ಕಾಲೇಜಿನ ಕೊನೆ ಮುಟ್ಟಲಿಲ್ಲ. ಬರೋಡೆಯ ಸಯಾಜಿರಾವ್ ಮಹಾರಾಜರು ಕೊಟ್ಟ ತಿಂಗಳ 25 ರೂಪಾಯಿ ವಿದ್ಯಾರ್ಥಿವೇತನ ಭೀಮರಾಯರನ್ನು ಬಿ.ಎ. ದಾಟಿಸಿತು. 1913ರಲ್ಲಿ ಅದೇ ಸಂಸ್ಥಾನದ ನೆರವಿನಿಂದ ಅಮೆರಿಕಕ್ಕೆ ಹೋದರು. ಷರತ್ತು: ಓದು ಮುಗಿಸಿ 10 ವರ್ಷ ಬರೋಡೆಯ ಸೇವೆ. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವನಿಗೆ ಬರೋಡೆಯಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಕೋಲು ಹಿಡಿದವರು ಹೊರಗೆ ಹಾಕಿದರು. ಒಳ್ಳೇ ಕೆಲಸ ಬಿಟ್ಟು ಮುಂಬಯಿಗೆ ಮರಳಬೇಕಾಯಿತು. ಓದು ಕೆಲಸ ಕೊಡಿಸುತ್ತದೆ, ಮನೆ ಕೊಡಿಸುವುದಿಲ್ಲ ಎಂಬ ಪಾಠ ಅಲ್ಲಿಂದಲೇ ಶುರು.

1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳ 450 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಸಂಬಳ, ಜೀವನ ಪೂರ್ತಿ ನೆಮ್ಮದಿಯಾಗಿ ಕೂರಬಹುದಿತ್ತು. ಅವರು ಚಾಳಿನಲ್ಲೇ ಉಳಿದು, ಮನೆ ಖರ್ಚಿಗೆ ಇಷ್ಟು ಅಂತ ರಮಾಬಾಯಿಯವರ ಕೈಗೆ ಕೊಟ್ಟು, ಮಿಕ್ಕದ್ದನ್ನು ಕೂಡಿಟ್ಟರು. 1920ರಲ್ಲಿ ಆ ಕೆಲಸವನ್ನೂ ಬಿಟ್ಟು ನಿಂತುಹೋಗಿದ್ದ ಓದಿಗಾಗಿ ಲಂಡನ್ನಿಗೆ ಹೊರಟರು. ಆಗಲೂ ಉಳಿತಾಯ ಸಾಲಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಸೇರಿಸಿಕೊಳ್ಳಬೇಕಾಯಿತು. ಅವರಿಲ್ಲದ ವರ್ಷಗಳ ಸಂಸಾರವನ್ನು ರಮಾಬಾಯಿ ಹೊತ್ತರು. ಆ ದುಡಿಮೆಗೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಲಮ್ಮಿಲ್ಲ.

ತಮ್ಮ ಮನೆಯಲ್ಲಿ ಕಲಿತ ಈ ಲೆಕ್ಕವನ್ನು ಅಂಬೇಡ್ಕರ್ ಇಡೀ ಸಮುದಾಯದ ಲೆಕ್ಕ ಮಾಡಿದರು. 1925ರಲ್ಲಿ ನಮ್ಮ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದು ಹೋದರು. 1928ರ ಮಾರ್ಚ್ 19ರಂದು ಮುಂಬಯಿ ಶಾಸನಸಭೆಯಲ್ಲಿ ವತನದ ತಿದ್ದುಪಡಿ ಮಸೂದೆ ಮಂಡಿಸಿದರು. ಚಾಕರಿ ಬೇಡವೆನ್ನುವ ವತನದಾರ ಭೂಮಿಗೆ ಪೂರ್ತಿ ಕಂದಾಯ ಕಟ್ಟಿ ರೈತನಾಗಿ ಉಳಿಯಲಿ. ಚಾಕರಿ ಮಾಡುವವನಿಗೆ ಕಾಳಿನ ಬದಲು ಹಣ ಸಿಗಲಿ. ಮಸೂದೆಯ ತಿರುಳು ಇದು. ಕೇಳಿದ್ದು ಇಷ್ಟೇ: ಬಿಡುವ ಹಕ್ಕು, ನಾಣ್ಯದ ಕೂಲಿ. ಅದೂ ಪಾಸಾಗಲಿಲ್ಲ, 1929ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಮಸೂದೆಗೂ ಈ ಕಾಯಿದೆಗೂ ನಡುವೆ ಒಂದು ತಲೆಮಾರಿನ ಮಕ್ಕಳು ಶಾಲೆಯ ಹೊರಗೆ ದೊಡ್ಡವರಾದರು.

ಒಂದು ಮನೆಯ ಒಡವೆ ಒಬ್ಬನಿಗೇ ಸಾಲದು ಎಂಬುದನ್ನು ತಿಳಿದವರು ಸರ್ಕಾರದ ಬೊಕ್ಕಸಕ್ಕೆ ಕೈ ಹಾಕಿದರು. ವೈಸರಾಯ್ ಮಂಡಳಿಯಲ್ಲಿದ್ದಾಗ ಅಂಬೇಡ್ಕರ್ ಪಟ್ಟು ಹಿಡಿದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಹಣ ತೆಗೆಸಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾದದ್ದು ಹಾಗೆ. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಅಲ್ಲಿ ಬೆಳಗಿನ ಹೊತ್ತು ತರಗತಿ ಇಟ್ಟರು. ಹೊಟ್ಟೆಪಾಡಿನ ಕೆಲಸ ಬಿಡಲಾರದವನೂ ಓದಲಿ ಅಂತ.

ಇವತ್ತಿನ ಮಾತಿಗೆ ಬರೋಣ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆ, ಆ ಕೆಲಸ ಬಿಟ್ಟವರಿಗೆ ಪುನರ್ವಸತಿ ಅಂದಾಗ ನಗದು ನೆರವಿನ ಜೊತೆಗೇ ಮಕ್ಕಳ ವಿದ್ಯಾರ್ಥಿವೇತನವನ್ನೂ ಹೇಳುತ್ತದೆ. ಕಸುಬು ಬಿಡೋದು, ಮಕ್ಕಳ ಓದು ಎರಡೂ ಒಂದೇ ಗಂಟು ಅಂತ ಕಾನೂನೇ ಒಪ್ಪಿದೆ. ಹೀಗಿರುವಾಗ ಓದು ಬಿಟ್ಟ ಹುಡುಗಿಯ ಅಪ್ಪನನ್ನು ಕರೆದು, ಕುಡಿತ ಬಿಡು, ಚೀಟಿ ಕಟ್ಟು, ಉಳಿಸು ಎಂದು ಬುದ್ಧಿ ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಉಳಿಸಲಿ, ಬೇಡ ಅಂದವರಾರು? ಆದರೆ ದಿನಗೂಲಿಯ ಮೇಲೆ ಇಂಜಿನಿಯರಿಂಗ್ ಫೀಸಿನ ಭಾರ ಹೇರಿ, ಕಟ್ಟಲಾಗದ್ದು ಅವನದೇ ತಪ್ಪು ಅನ್ನೋದು ಹಳೇ ಚಾವಡಿಯ ನ್ಯಾಯವೇ.

ವಿದ್ಯಾರ್ಥಿವೇತನವೂ ಹಾಸ್ಟೆಲ್ಲೂ ಯಾರೋ ಹಾಕಿದ ಭಿಕ್ಷೆಯಲ್ಲ. ಕೂಲಿ ಸಿಗದೆ ದುಡಿದ ತಲೆಮಾರುಗಳಿಂದ ಬರಬೇಕಾದ ಬಾಕಿ ಅದು. ಊರಿನ ಮೇಷ್ಟ್ರುಗಳು, ಸಂಘಟನೆಯ ಗೆಳೆಯರು ಈ ಜೂನ್ ತಿಂಗಳಲ್ಲಿ ತಮ್ಮ ಕೇರಿಯಲ್ಲಿ ಒಂದು ಪಟ್ಟಿ ಮಾಡಲಿ: ಯಾರು ಪಿಯುಸಿ ಮುಗಿಸಿದ್ದಾರೆ, ಯಾರಿಗೆ ಹಾಸ್ಟೆಲ್ ಸಿಕ್ಕಿಲ್ಲ, ಯಾರ ವಿದ್ಯಾರ್ಥಿವೇತನ ನಿಂತಿದೆ, ಯಾವ ಮನೆಯಲ್ಲಿ ತಮ್ಮನ ಫೀಸಿಗಾಗಿ ಅಕ್ಕನ ಓದು ನಿಲ್ಲಿಸಿದ್ದಾರೆ. ಆ ಪಟ್ಟಿ ಹಿಡಿದು ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಗೆ ಎಲ್ಲರೂ ಒಟ್ಟಿಗೆ ಹೋಗೋಣ. ಮಂಜುಳಾ, ತುಳಸಿಯರ ಒಡವೆ ಇನ್ನೊಂದು ಸಲ ಗಿರವಿಗೆ ಹೋಗಬಾರದು.