ನೆತ್ತರಿಲ್ಲದ ಮೀನು

ಕೆನಡಾದಲ್ಲಿ ಚಳಿಗಾಲ ಕಾಲಿಡುವ ಮುನ್ನ ಕಾರಿನ ಆ್ಯಂಟಿಫ್ರೀಜ್ ನೋಡಿಕೊಳ್ಳುವುದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಬರುವ ವ್ರತದಂತೆ. ಹಿಮಗಡಲಿನ ಮೀನುಗಳಿಗೆ ಈ ವ್ರತ ಅವುಗಳ ರಕ್ತದಲ್ಲೇ ಇದೆ. ಆ ರಕ್ತದ ಕಥೆಯ ಮೊದಲ ಸುಳಿವು ಸಿಕ್ಕಿದ್ದು ತಿಮಿಂಗಿಲ ಬೇಟೆಗಾರರ ಬಾಯಿಂದ.

1929ರಲ್ಲಿ ನಾರ್ವೆಯ ಜೀವಶಾಸ್ತ್ರದ ವಿದ್ಯಾರ್ಥಿ ಯೋಹಾನ್ ರೂಡ್ ‘ವಿಕಿಂಗೆನ್’ ಎಂಬ ಬೇಟೆ ಹಡಗಿನಲ್ಲಿದ್ದರು. ದಕ್ಷಿಣ ಜಾರ್ಜಿಯಾ ದ್ವೀಪದ ಕಡೆ ನೆತ್ತರಿಲ್ಲದ ಮೀನುಗಳಿವೆ ಎಂದು ತಿಮಿಂಗಿಲದ ಕೊಬ್ಬು ಸುಲಿಯುವ ಕೆಲಸಗಾರರೊಬ್ಬರು ಹೇಳಿದರು. ಬೆನ್ನೆಲುಬಿರುವ ಪ್ರಾಣಿಗೆ ಕೆಂಪು ರಕ್ತ ಇರಲೇಬೇಕೆಂದು ಓದಿಕೊಂಡಿದ್ದ ರೂಡ್ ಅದನ್ನು ನಂಬಲಿಲ್ಲ. ಊರಿಗೆ ಮರಳಿದ ಮೇಲೆ ಪ್ರಾಣಿಶಾಸ್ತ್ರಜ್ಞ ಡಿಟ್ಲೆಫ್ ರುಸ್ತಾದ್ ಅವರ ಮುಂದೆ ಈ ಮಾತು ಬಂತು. ರುಸ್ತಾದ್ ಕೆಲವೇ ವರ್ಷಗಳ ಹಿಂದೆ ಬೂವೆ ದ್ವೀಪದ ಬಳಿ ಅಂಥದೇ ಮೀನನ್ನು ಕಂಡಿದ್ದರು! ರೂಡ್ ದಕ್ಷಿಣ ಜಾರ್ಜಿಯಾಕ್ಕೆ ಹೋಗಿ ಆ ರಕ್ತವನ್ನು ಪರೀಕ್ಷಿಸಿ, ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು 1954ರಲ್ಲಿ.

ರಕ್ತವಿತ್ತು, ಬಣ್ಣವಿರಲಿಲ್ಲ. ಹಿಮೋಗ್ಲೋಬಿನ್ ಇಲ್ಲದ ಆ ರಕ್ತ ಹೊರುವ ಆಮ್ಲಜನಕ, ಕೆಂಪು ರಕ್ತದ ನೆಂಟ ಮೀನುಗಳದರ ಹತ್ತನೇ ಒಂದು ಭಾಗದಷ್ಟು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದರಿಂದ, ದೊಡ್ಡ ಹೃದಯ ಹೆಚ್ಚು ರಕ್ತವನ್ನು ಓಡಿಸುವುದರಿಂದ ಬದುಕು ಸಾಗುತ್ತದೆ.

ಇನ್ನೊಂದು ಒಗಟು ಉಳಿದಿತ್ತು. ಅಲ್ಲಿನ ಕಡಲು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗುತ್ತದೆ. ಸಾಮಾನ್ಯ ಮೀನಿನ ರಕ್ತ ಅದಕ್ಕೂ ಮೊದಲೇ ಹೆಪ್ಪುಗಟ್ಟಬೇಕು. 1960ರ ದಶಕದಲ್ಲಿ ಅಂಟಾರ್ಕ್ಟಿಕಾದ ಮೆಕ್‌ಮರ್ಡೋದಲ್ಲಿ ಅಮೆರಿಕದ ಆರ್ಥರ್ ಡಿವ್ರೀಸ್ ಉತ್ತರ ಹುಡುಕಿದರು. ರಕ್ತದಲ್ಲಿ ಸಕ್ಕರೆಯ ಅಂಶ ಬೆಸೆದ ಪ್ರೋಟೀನುಗಳಿದ್ದವು. ಕಾರಿನ ದ್ರವ ಒಂದು ಮಿತಿಯವರೆಗೆ ಹೆಚ್ಚು ಬೆರೆತಷ್ಟೂ ಹೆಚ್ಚು ಕೆಲಸ ಮಾಡುತ್ತದೆ. ಇವು ಸ್ವಲ್ಪವೇ ಇದ್ದರೂ ಮಂಜಿನ ಸಣ್ಣ ಹರಳಿಗೆ ಅಂಟಿಕೊಂಡು, ಅದನ್ನು ಬೆಳೆಯಗೊಡುವುದಿಲ್ಲ. ಈ ಪ್ರೋಟೀನಿನ ಜೀನು ಜೀರ್ಣಕ್ರಿಯೆಯ ಹಳೆಯ ಜೀನೊಂದರಿಂದ ರೂಪುಗೊಂಡಿತೆಂದು 1997ರಲ್ಲಿ ತಿಳಿಯಿತು. ನಮ್ಮ ನ್ಯೂಫೌಂಡ್‌ಲ್ಯಾಂಡ್ ತೀರದ ವಿಂಟರ್ ಫ್ಲೌಂಡರ್ ಮೀನೂ ಬೇರೊಂದು ಬಗೆಯ ಪ್ರೋಟೀನನ್ನು ಚಳಿಗಾಲಕ್ಕೆಂದೇ ತಯಾರಿಸಿಕೊಳ್ಳುತ್ತದೆ; ಬೇಸಿಗೆಯಲ್ಲಿ ಬಿಟ್ಟುಬಿಡುತ್ತದೆ.

ಬಿಳಿ ನೆತ್ತರಿನ ಮೀನಿಗೆ ಆ ಸೌಕರ್ಯವಿಲ್ಲ. ಹಿಮೋಗ್ಲೋಬಿನ್ ಮಾಡುವ ಜೀನುಗಳನ್ನೇ ಅದು ಕಳೆದುಕೊಂಡಿದೆ. ಕಡಲು ಬೆಚ್ಚಗಾದರೆ ಆಮ್ಲಜನಕ ಕಡಿಮೆಯಾಗುತ್ತದೆ, ಹಳೆಯ ರಕ್ತ ಮರಳಿ ಬಾರದು. ಪರದೇಶದ ಚಳಿಗೆ ಒಗ್ಗಿಕೊಂಡ ನಮಗೆ ಊರಿನ ದಾರಿ ಇನ್ನೂ ತೆರೆದಿದೆ. ಅದಕ್ಕೆ ಇರುವುದು ಆ ತಣ್ಣೀರೊಂದೇ. ಅದರ ಸುದ್ದಿ ತಂದ ಕೆಲಸಗಾರರ ಮಾತು ನಿಜವೆಂದು ಪತ್ರಿಕೆಯಲ್ಲಿ ಅಚ್ಚಾಗಲು ಇಪ್ಪತ್ತೈದು ವರ್ಷ ಹಿಡಿಯಿತು. ಈಗ ಬರುತ್ತಿರುವ ಸುದ್ದಿಗೆ ಅಷ್ಟು ಕಾಲ ಕಾಯುವಂತಿಲ್ಲ.